ಹೊನ್ನೂರಿ ಮಲಗಿದ ಮೈದಾನ

ಇದನ್ನು ಹೇಳಬೇಕಾದವನು ನಾನಲ್ಲ. ಊರಿನಲ್ಲಿ ನನಗಿಂತ ಹಿರಿಯರಿದ್ದಾರೆ, ಮಾತು ಬಲ್ಲವರಿದ್ದಾರೆ, ಆ ದಿನ ಲಾರಿಯ ಮುಂದೆ ನಿಂತು ಎದೆ ಕೊಟ್ಟವರಿದ್ದಾರೆ. ನಾನು ಹಿಂದುಗಡೆ ಹಗ್ಗ ಹಿಡಿದಿದ್ದವನು. ಸಂಜೆ ಕಾಲೇಜಿನಲ್ಲಿ ಓದಿ ಎರಡನೆಯ ಸಲಕ್ಕೆ ಪಾಸಾದವನು. ಇವತ್ತಿಗೂ ಒಂದು ವಾಕ್ಯ ಬರೆದರೆ ಅದರ ಬಾಲ ನೆಟ್ಟಗಿದೆಯೇ ಎಂದು ಮತ್ತೆ ಮತ್ತೆ ತಿರುಗಿ ನೋಡುವ ಸ್ವಭಾವ ಹೋಗಿಲ್ಲ. ಆದರೆ ಹೇಳಬಲ್ಲವರೆಲ್ಲ ಇದನ್ನು ಹೇಳುವಾಗ ದಿನಕ್ಕಿಷ್ಟು ಬೆಳೆಸುತ್ತಿದ್ದಾರೆ. ಮೊನ್ನೆ ಕ್ಷೌರದಂಗಡಿಯಲ್ಲಿ ಲಾರಿಗಳ ಸಂಖ್ಯೆ ಹನ್ನೆರಡಕ್ಕೆ ಏರಿತ್ತು, ಜೊತೆಗೊಂದು ಆನೆಯೂ ಸೇರಿಕೊಂಡಿತ್ತು. ಆನೆ ಇರಲಿಲ್ಲ. ಲಾರಿಗಳು ನಾಲ್ಕೇ. ಅಷ್ಟನ್ನಾದರೂ ಸರಿಯಾಗಿ ಹೇಳೋಣವೆಂದು, ತಪ್ಪಿದ್ದರೆ ದೊಡ್ಡವರು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಬೇಡಿಕೊಂಡು ಶುರು ಮಾಡುತ್ತಿದ್ದೇನೆ.

ನಮ್ಮೂರಿನಲ್ಲಿ ನಿಂತ ಚಕ್ರ ಬೇರು ಬಿಡುತ್ತದೆ. ಬೇರೆ ಊರುಗಳಲ್ಲಿ ನಿಂತ ನೀರು ಪಾಚಿ ಕಟ್ಟುವ ಹಾಗೆ, ಅಷ್ಟೇ. ಒಂದು ಒಳ್ಳೆಯ ನಿದ್ದೆಯ ಹೊತ್ತು ಗಾಲಿ ಕದಲದೆ ನಿಂತರೆ ಅದರಡಿಯಿಂದ ಬಿಳಿ ಎಳೆಗಳು ನೆಲಕ್ಕಿಳಿಯುತ್ತವೆ. ಆಗಲೇ ಕಂಡರೆ ಕೊತ್ತಂಬರಿ ಕಿತ್ತ ಹಾಗೆ ಕಿತ್ತುಬಿಡಬಹುದು. ತಡವಾದರೆ ಹಾರೆಗೂ ಬಗ್ಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಸೈಕಲ್ಲುಗಳನ್ನು ಅಂಗಿಯಂತೆ ಗೋಡೆಯ ಗೂಟಕ್ಕೆ ನೇತುಹಾಕುತ್ತಾರೆ. ಆ ಗೂಟ ಮಾಡುವುದು ನನ್ನ ಅಪ್ಪನ ಕಸುಬಾಗಿತ್ತು, ಈಗ ನನ್ನದು. ತಳ್ಳುಗಾಡಿಯಲ್ಲಿ ತರಕಾರಿ ಮಾರುವವಳು ಮಾರುತ್ತಲೇ ಗಾಡಿಯನ್ನು ಹೊಟ್ಟೆಯಿಂದ ಒತ್ತುತ್ತಾ ಸಾಗುತ್ತಾಳೆ. ಬೆಳಿಗ್ಗೆ ಬಾವಿಯ ಹತ್ತಿರ ಬದನೆಕಾಯಿ ಕೊಂಡು ಚೀಲ ಮರೆತವರು ಮಧ್ಯಾಹ್ನ ಅಂಚೆ ಕಚೇರಿಯ ಹತ್ತಿರ ಹೋಗಿ ಕೇಳಬೇಕು. ದಾರಿಯಲ್ಲಿ ನಿಂತ ಚಕ್ರ ಕಂಡರೆ, ಅದು ಯಾರದೇ ಆಗಲಿ, ಮುಂದಕ್ಕೊಂದು ತಳ್ಳು ಕೊಟ್ಟು ಹೋಗುವುದು ನಮ್ಮಲ್ಲಿ ನಮಸ್ಕಾರವಿದ್ದ ಹಾಗೆ. ಮುಂದಕ್ಕೆ ಎನ್ನುವುದು ಮುಖ್ಯ. ಹೆಣ ಸಾಗಿಸುವ ಬಂಡಿಯನ್ನು ಮಾತ್ರ ನಾವು ಹಿಂದಕ್ಕೆ ತಳ್ಳುತ್ತಿದ್ದೆವು. ನನ್ನ ಸೋದರಮಾವ ಒಮ್ಮೆ ಪಟ್ಟಣಕ್ಕೆ ಹೋದಾಗ ಸಿನಿಮಾ ಟಾಕೀಸಿನ ಮುಂದೆ ಸಾಲಾಗಿ ನಿಂತ ಸ್ಕೂಟರುಗಳನ್ನು ಕಂಡು ಮರುಗಿ, ಒಂದೊಂದನ್ನೂ ಅಷ್ಟಷ್ಟು ಮುಂದಕ್ಕೆ ತಳ್ಳುತ್ತಾ ಬಂದಿದ್ದ. ಸಿನಿಮಾ ಮುಗಿಯುವಷ್ಟರಲ್ಲಿ ಠಾಣೆಯಲ್ಲಿದ್ದ.

ಊರಿನ ನಡುಬೀದಿಯಲ್ಲಿ ಒಂದು ಲಾರಿ ನಿಂತಿದೆ. ನಾನು ಹುಟ್ಟುವ ಮೊದಲಿನಿಂದಲೂ ಇದೆ. ಬಯಲುಸೀಮೆಯಿಂದ ಬಂದ ಚೆನ್ನವೀರಣ್ಣ ಎಂಬ ಡ್ರೈವರು, ಈ ನೆಲದ ಗುಣ ಗೊತ್ತಿಲ್ಲದೆ, ಕಣ್ಣು ತೂಗುತ್ತಿದೆಯೆಂದು ಅದನ್ನು ಅಲ್ಲಿ ನಿಲ್ಲಿಸಿ ಮಲಗಿದರು. ಎದ್ದಾಗ ಲಾರಿ ನೆಲದ್ದಾಗಿತ್ತು. ಎಷ್ಟು ಅಗೆದರೂ ಬರಲಿಲ್ಲ. ಅಗೆಯುವವರಿಗೆ ನೀರು, ಮಜ್ಜಿಗೆ ತಂದುಕೊಡುತ್ತಿದ್ದ ಕರಿಬಸಮ್ಮ ಎಂಬ ಹುಡುಗಿ ಕೊನೆಗೆ ಅವರನ್ನೇ ಮದುವೆಯಾದಳು. ನಮಗೆಲ್ಲ ಅವಳು ಕರಿಬಸಕ್ಕ. ಇಬ್ಬರೂ ಸೇರಿ ಆ ಲಾರಿಯ ತೊಟ್ಟಿಯ ಮೇಲೆ ತಗಡು ಹೊದಿಸಿ, ಒಲೆ ಹೂಡಿ ಹೋಟೆಲು ಮಾಡಿದರು. ಬಸ್ಸು ಈಗಲೂ ಅದನ್ನು ಬಳಸಿಕೊಂಡು ಹೋಗುತ್ತದೆ. ಅವರ ಒಬ್ಬಳೇ ಮಗಳು ಹೊನ್ನೂರಿ, ನನ್ನ ಓರಗೆಯವಳು, ಆ ಲಾರಿಯ ಕ್ಯಾಬಿನ್ನಿನಲ್ಲೇ ಬೆಳೆದಳು. ಕದಲದ ಸ್ಟೇರಿಂಗನ್ನು ತಿರುಗಿಸಿ ತಿರುಗಿಸಿ ಆಡಿದವಳು ದೊಡ್ಡವಳಾದ ಮೇಲೆ ಕದಲುವ ಲಾರಿಯನ್ನೇ ಹತ್ತಿದಳು. "ಅಪ್ಪ ನಿಲ್ಲಿಸಿದ್ದನ್ನ ನಾನು ಓಡಿಸ್ತೀನಿ" ಎಂದಿದ್ದಳು. ಈರುಳ್ಳಿ, ಮೆಣಸಿನಕಾಯಿ, ಹತ್ತಿ, ಏನು ಸಿಕ್ಕಿದರೂ ತುಂಬಿಕೊಂಡು ಬಂದರಿಗೆ ಹೋಗುವ ಕೆಲಸ.

ಬಂದರಿನ ರಸ್ತೆ ನಮ್ಮೂರ ಮೇಲೇ ಹಾಯುತ್ತದೆ. ಊರು ದಾಟಿದರೆ ಘಾಟಿ ಇಳಿಯುವ ದಾರಿ. ರಾತ್ರಿಯಿಡೀ ಬಯಲಿನಲ್ಲಿ ಓಡಿಸಿದ ಲಾರಿಗಳು ಬೆಳಗಿನ ಹೊತ್ತಿಗೆ ಇಲ್ಲಿಗೆ ಬರುತ್ತವೆ. ನಿಲ್ಲುವುದಕ್ಕೆ ಹಿಂದೆಯೂ ಜಾಗವಿಲ್ಲ. ಹಿಂದಿನ ಊರಿನಲ್ಲಿ ಪೊಲೀಸರು ಬೋನೆಟ್ಟಿಗೆ ಲಾಠಿ ಬಡಿದು ಎಬ್ಬಿಸುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ಹಾಕಿಸಿಕೊಂಡ ಕೂಡಲೇ ಮುಂದೆ ಹೋಗು ಎನ್ನುತ್ತಾರೆ. ಹೊಲದ ಅಂಚಿನಲ್ಲಿ ಕಣ್ಣು ಮುಚ್ಚಿದರೆ ಟ್ಯಾಂಕಿನ ಡೀಸೆಲ್ಲು ಖಾಲಿ. ಮುಂದೆ ಘಾಟಿಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಕಾಶ. ನಡುವೆ ನಮ್ಮೂರು. ಇಲ್ಲಿ ನಿಂತರೆ ಬೇರು. ಆದ್ದರಿಂದ ನಮ್ಮೂರಿನಲ್ಲಿ ಲಾರಿ ನಿಲ್ಲುತ್ತಿರಲಿಲ್ಲ, ನಡೆಯುತ್ತಿತ್ತು. ಸೇತುವೆಯ ಹತ್ತಿರ ಎರಡು ಸಲ ಹಾರ್ನ್ ಕೇಳಿಸಿದರೆ ಕರಿಬಸಕ್ಕ ಬುತ್ತಿ ಕಟ್ಟುತ್ತಿದ್ದಳು. ಲಾರಿ ನಡಿಗೆಯ ವೇಗಕ್ಕೆ ಇಳಿಯುತ್ತಿತ್ತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಅದರ ಜೊತೆಗೇ ಓಡಿ, ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ಏರಿ, ಕಿಟಕಿಯಲ್ಲಿ ಬುತ್ತಿ ಕೊಟ್ಟು ಹಳೆಯ ಡಬ್ಬಿ ಈಸಿಕೊಂಡು, ಅಂಚೆ ಕಚೇರಿಯ ಮುಂದೆ ಹಾರಿ ಇಳಿಯುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಹೊಸ ಡ್ರೈವರುಗಳು ಹೆದರಿ ಕೈಮುಗಿಯುತ್ತಿದ್ದರು.

ಒಂದು ಬೆಳಿಗ್ಗೆ ಹೊನ್ನೂರಿಯ ಹಾರ್ನ್ ಕೇಳಿಸಿತು. ಅಕ್ಕ ಎಂದಿನಂತೆ ಏರಿ, "ತಗಳವ್ವ, ನಿಂಗಂತ ಚಿತ್ರಾನ್ನ ಮಾಡೀನಿ" ಎಂದು ಬುತ್ತಿ ಕೊಟ್ಟಳು. ಹೊನ್ನೂರಿ ತಿರುಗಿ ನೋಡಿದಳು. ಕಣ್ಣು ತೆರೆದೇ ಇದ್ದವು. ಬುತ್ತಿ ತೆಗೆದುಕೊಂಡು, "ಒಳ್ಳೇದಾಗ್ಲಿ ಅಮ್ಮಾರೆ, ಇದು ಯಾವೂರು?" ಎಂದಳು. ಯಾರೋ ಗೊತ್ತಿಲ್ಲದವರಿಗೆ ಹೇಳುವ ದನಿ. ಅಷ್ಟರಲ್ಲಿ ಅಂಚೆ ಕಚೇರಿ ಬಂತು, ಅಕ್ಕ ಇಳಿಯಲೇಬೇಕಾಯಿತು. ಲಾರಿ ಘಾಟಿಯ ಕಡೆ ಹೋಯಿತು.

ಆಗ ನಾನು ಅಂಚೆ ಕಚೇರಿಯ ಗೋಡೆಗೆ ಗೂಟ ಬಡಿಯುತ್ತಿದ್ದೆ. ಅಕ್ಕ ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕುಳಿತಳು. ನಾನು ಏನು ಕೇಳಿದರೆ ತಪ್ಪಾಗುವುದೋ ಎಂದು ಸುಮ್ಮನೆ ಬಡಿಯುತ್ತಲೇ ಇದ್ದೆ. ಕೊನೆಗೆ ಅವಳೇ ಹೇಳಿದಳು. "ಮೈಲಾರಿ, ಆಕಿ ಕಣ್ಣು ಬಿಟ್ಕಂಡು ನಿದ್ದೆ ಮಾಡ್ತಾವಳೆ ಕಣಪ್ಪ. ಹೆತ್ತ ತಾಯಿ ಗುರುತು ಸಿಗ್ಲಿಲ್ಲ. ಘಾಟಿ ತಿರುವು ಗುರುತು ಸಿಗ್ತದಾ?" ಅವತ್ತು ಸಂಜೆ ಬಂದರಿನಿಂದ ಹೊನ್ನೂರಿ ತಲುಪಿದ ಸುದ್ದಿ ಬರುವವರೆಗೂ ಅವಳು ಒಲೆ ಹಚ್ಚಲಿಲ್ಲ. ಸುದ್ದಿ ಬಂದ ಮೇಲೂ ಹಚ್ಚಲಿಲ್ಲ. ನೇರವಾಗಿ ಪಂಚಾಯ್ತಿ ಅಧ್ಯಕ್ಷರ ಮನೆಗೆ ಹೋದಳು.

ಮಾರನೆಯ ದಿನ ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಅಧ್ಯಕ್ಷರಾದ ಓಬಳೇಶಪ್ಪನವರು ಕೆಟ್ಟವರಲ್ಲ. ಊರಿನ ಒಂದು ಕಲ್ಲು ಸರಿದರೂ ತಮ್ಮ ಹಲ್ಲು ಸರಿದಂತೆ ನೋಯುವವರು. ಕರಿಬಸಕ್ಕ ಎದ್ದುನಿಂತು ಹೇಳಿದಳು. "ಕುರಿಸಂತೆ ಮೈದಾನ ವಾರಕ್ಕೊಂದು ದಿನ ಬಿಟ್ರೆ ಖಾಲಿ ಬಿದ್ದಿರ್ತೈತೆ. ಅದನ್ನ ಲಾರಿಗಳಿಗೆ ಬಿಡ್ರಿ. ಡ್ರೈವರ್‌ಗಳು ಮಲಗ್ಲಿ. ಮಲಗಿದ್ದಾಗ ಲಾರಿ ಬೇರು ಬಿಡದಂಗೆ ನಾವೇ ತಳ್ಳಾನ."

ಸಭೆಯಲ್ಲಿ ನಗೆ ಎದ್ದಿತು.

"ಏನಮ್ಮಾ, ತುಂಬಿದ ಲಾರಿ ತಳ್ಳಾದು ತೊಂಡೆಕಾಯಿ ಗಾಡಿ ತಳ್ಳಿದಂಗಾ?" ಎಂದರು ಓಬಳೇಶಪ್ಪ. "ಒಂದು ಲಾರಿ ನಿಂತಿದ್ದಕ್ಕೆ ಇವತ್ತಿಗೂ ಬಸ್ಸು ಸುತ್ತಿ ಬತ್ತೈತೆ. ನಾಳೆ ಹತ್ತು ನಿಂತ್ರೆ? ನೀನಾದ್ರೆ ಆ ಡ್ರೈವರನ್ನೇ ಕಟ್ಕಂಡೆ. ಬರೋ ಡ್ರೈವರ್‌ಗಳಿಗೆಲ್ಲ ಹೆಣ್ಣು ಎಲ್ಲಿಂದ ತರಾನ?"

"ನಿಮ್ಮ ಮನೇಲಿ ಇಬ್ಬರು ಗಂಡುಮಕ್ಳು ಖಾಲಿ ಅವ್ರಲ್ಲ ಅಧ್ಯಕ್ಷರೇ, ಈಗ ಹೆಣ್ಣುಮಕ್ಳೂ ಲಾರಿ ಓಡಿಸ್ತಾರೆ" ಎಂದಳು ಅಕ್ಕ. ಈ ಸಲ ನಗೆ ಅವಳ ಕಡೆಗಿತ್ತು. ನಗೆ ಇಳಿದ ಮೇಲೆ ಅವಳು ದನಿ ತಗ್ಗಿಸಿದಳು. "ಅದೇನೋ ನಿಂತ ಚಕ್ರ ಕಂಡ್ರೆ ಕೈ ಹಚ್ಚದೆ ಹೋಗೋರಲ್ಲ ನಾವು ಅಂತೀವಿ. ಸೈಕಲ್ಲಿಗೆ ಹಚ್ತೀವಿ, ತೊಟ್ಟಿಲ ಗಾಡಿಗೆ ಹಚ್ತೀವಿ. ಲಾರಿ ಬಂದ್ರೆ ಮಾತ್ರ ಹೋಗು ಹೋಗು ಅಂತೀವಿ. ಅದು ನಾಲ್ಕು ಹೆಜ್ಜೆ ಮುಂದೆ ಬಿದ್ರೆ ಸತ್ತೋನು ನಮ್ಮೂರವನಲ್ಲ ಅಂತ ಸಮಾಧಾನ ಮಾಡ್ಕತೀವಿ."

ಘಾಟಿಯ ಮೂರನೆಯ ತಿರುವಿನಲ್ಲಿ ಬಿದ್ದ ಲಾರಿಗಳ ನೆನಪು ಎಲ್ಲರಿಗೂ ಇತ್ತು. ಓಬಳೇಶಪ್ಪ ಹೆಗಲ ಮೇಲಿನ ವಲ್ಲಿಯನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡರು. ಅವರು ಯೋಚಿಸುವ ರೀತಿಯೇ ಹಾಗೆ. "ಸರಿ, ಒಂದು ದಿನ ನೋಡಾನ. ಒಂದು ಲಾರೀನೂ ಬೇರಿಗೆ ಸಿಕ್ಕಬಾರ್ದು. ಒಬ್ಬ ಡ್ರೈವರಿಗೂ ಎಚ್ಚರ ಆಗಬಾರ್ದು. ತಳ್ಳೋ ಗದ್ದಲಕ್ಕೆ ಎದ್ದು ಕೂತ್ರೆ ಅದ್ಯಾವ ಸೀಮೆ ನಿದ್ದೆ? ಎರಡೂ ಆಯ್ತು ಅಂದ್ರೆ ಮೈದಾನ ಲಾರಿಗಳದ್ದು. ಆಗ್ಲಿಲ್ಲ ಅಂದ್ರೆ ಈ ಮಾತು ಮತ್ತೆ ಎತ್ತಬಾರ್ದು."

ಯಾವ ಬೀದಿಯವರು ಯಾವಾಗ ತಳ್ಳಬೇಕು ಎಂದು ಎಲ್ಲರಿಗೂ ತಿಳಿಸಿ ಬರುವ ಕೆಲಸ ನನ್ನ ಪಾಲಿಗೆ ಬಂತು. "ಮೇಷ್ಟ್ರು ಓದಿದೋರು" ಎಂದು ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ನಾನು ಮೇಷ್ಟ್ರಲ್ಲ, ಸಂಜೆ ಕಾಲೇಜಿಗೆ ಹೋದದ್ದಕ್ಕೆ ಬಂದ ಅಡ್ಡಹೆಸರು ಅದು. ಅವತ್ತಿನಿಂದ ಲಾರಿಗಳು ಬರುವ ದಿನದವರೆಗೆ ನನಗೆ ಅದೇ ಚಿಂತೆ. ತುಂಬಿದ ಲಾರಿ ಕದಲದಿದ್ದರೆ? ಕುಂಬಾರ ಬೀದಿಯವರೂ ಗಾಣಿಗರ ಬೀದಿಯವರೂ ಒಂದೇ ಲಾರಿಗೆ ಕೈಹಾಕಿ ಜಗಳವಾದರೆ? ಎಲ್ಲವನ್ನೂ ಯೋಚಿಸಿದೆ. ಯೋಚಿಸಬೇಕಾಗಿದ್ದ ಒಂದನ್ನು ಮಾತ್ರ ನಾನಷ್ಟೇ ಅಲ್ಲ, ಊರಿನಲ್ಲಿ ಯಾರೊಬ್ಬರೂ ಯೋಚಿಸಲಿಲ್ಲ.

ಆ ದಿನ ನಾಲ್ಕು ಲಾರಿಗಳು ಬಂದವು. ಹೊನ್ನೂರಿಯದು ಈರುಳ್ಳಿ ತುಂಬಿದ್ದು, ಉಳಿದ ಮೂವರು ಅವಳ ಮಾತಿಗೆ ಒಪ್ಪಿ ಬಂದವರು. ಅವರಲ್ಲಿ ಖಾದರ್ ಸಾಬ್ ಎಂಬ ವಯಸ್ಸಾದ ಡ್ರೈವರು ಗಡ್ಡ ನೀವಿಕೊಳ್ಳುತ್ತಾ, "ಮೂವತ್ತು ವರ್ಷದಿಂದ ಈ ಊರಿನ ಗಾಳಿ ಮಾತ್ರ ಕುಡಿದೀನಿ, ನೆಲಕ್ಕೆ ಕಾಲು ಇಡ್ತಿರೋದು ಇವತ್ತೇ" ಎಂದರು. ಇಳಿದು, ಮಣ್ಣನ್ನು ಚಪ್ಪಲಿಯಿಂದ ಒಮ್ಮೆ ಒತ್ತಿ ನೋಡಿದರು. ನಾಲ್ಕು ಲಾರಿಗಳನ್ನೂ ಗೇರಿನಿಂದ ತೆಗೆದು, ಕೈಬ್ರೇಕು ಸಡಿಲಿಸಿ ಬಿಡಲಾಯಿತು. ಹೊನ್ನೂರಿ ಅವ್ವನನ್ನು ನೋಡಿದಳೋ ಇಲ್ಲವೋ, ಸೀಟಿನ ಹಿಂದಿನ ಹಲಗೆಯ ಮೇಲೆ ಬಿದ್ದವಳು ಚೀಲ ಬಿದ್ದಂತೆ ಬಿದ್ದಳು.

ನಮ್ಮೂರು ಅಷ್ಟು ಮೆತ್ತಗೆ ಬದುಕಿದ ದಿನ ಇನ್ನೊಂದಿಲ್ಲ. ಕೂಗಿ ಕರೆಯುವಂತಿಲ್ಲವೆಂದು ಚೆನ್ನವೀರಣ್ಣ ತಮ್ಮ ನಿಂತ ಲಾರಿಯ ತಗಡಿನ ಮೇಲೆ ಕೆಂಪು ಬಟ್ಟೆ ಎತ್ತುತ್ತಿದ್ದರು. ಅದನ್ನು ಕಂಡು ಒಂದೊಂದು ಬೀದಿಯವರೂ ಸರದಿಯಲ್ಲಿ ಬಂದು ಬೆನ್ನು ಹಚ್ಚುತ್ತಿದ್ದರು. ನಾಯಿಗಳನ್ನು ಕೆರೆಯಾಚೆ ಒಯ್ದು ಕಟ್ಟಿದ್ದರು. ಹಿಟ್ಟಿನ ಗಿರಣಿ ನಿಂತಿತ್ತು. ಗಾಣಿಗರ ಬೀದಿಯ ಇಬ್ಬರು ಹೆಂಗಸರಿಗೆ ಯಾರ ಕೈ ಎಲ್ಲಿರಬೇಕೆಂದು ಜಗಳ ಹತ್ತಿ, ಒಬ್ಬರನ್ನೊಬ್ಬರು ಮೂರು ತಲೆಮಾರು ಎಳೆದುತಂದು ಬೈದರು. ಎಲ್ಲವೂ ಪಿಸುಮಾತಿನಲ್ಲಿ. ಮೊದಲ ಸಲ ಹೊನ್ನೂರಿಯ ಲಾರಿ ಕದಲಿದಾಗ ನನಗೆ ಕಣ್ಣು ತುಂಬಿತು. ಅಷ್ಟು ದೊಡ್ಡದು, ಅಷ್ಟು ಈರುಳ್ಳಿ, ಒಂದು ಗೇಣು ಮುಂದಕ್ಕೆ ಹೋಯಿತು. ಅದರಡಿಯಲ್ಲಿ ಆಗಷ್ಟೇ ಚಿಗುರಿದ್ದ ಬಿಳಿ ಎಳೆಗಳು ಪಟಪಟನೆ ಹರಿದವು. ಓಬಳೇಶಪ್ಪ ಬಗ್ಗಿ ಗಾಲಿಯ ಕೆಳಗೆ ನೋಡಿದರು. ಎದ್ದಾಗ ಮುಖದಲ್ಲಿ ಸೋತ ಸಿಟ್ಟೂ ಇತ್ತು, ಇನ್ನೇನೋ ಇತ್ತು. ವಲ್ಲಿ ಹೆಗಲು ಬದಲಾಯಿಸಿತು.

ಮಧ್ಯಾಹ್ನ ಕಳೆಯಿತು. ಸರದಿ ಇಲ್ಲದವರೂ ಮೈದಾನ ಹಾದುಹೋಗುವಾಗ ಒಂದು ತಳ್ಳು ಕೊಟ್ಟೇ ಹೋಗುತ್ತಿದ್ದರು. ಬೇಡವೆನ್ನುವುದು ಹೇಗೆ? ನಮಸ್ಕಾರ ಬೇಡ ಎಂದ ಹಾಗಾಗುತ್ತದೆ. ಮದುವೆಗೆ ಹೊರಟವರು ತಳ್ಳಿದರು, ಸಂತೆ ವಸೂಲಿಯವನು ತಳ್ಳಿದ, ಶಾಲೆ ಬಿಟ್ಟ ಮಕ್ಕಳು ಹಿಂಡಾಗಿ ಬಂದು ತಳ್ಳಿದರು. ಎಲ್ಲರೂ ಮುಂದಕ್ಕೇ. ಉಳಿದ ಮೂರು ಲಾರಿಗಳ ಮುಂದೆ ಬಯಲು ಇನ್ನೂ ಇತ್ತು. ಹೊನ್ನೂರಿಯ ಲಾರಿ ನಿಂತಿದ್ದ ಕಡೆ ಮೈದಾನ ಕೊನೆಯಾಗಿ, ಕುರಿಗಳನ್ನು ನೀರಿಗಿಳಿಸುವ ಇಳಿಜಾರು ಶುರುವಾಗುತ್ತದೆ. ಅದರ ಕೆಳಗೆ ಕೆರೆ. ಹುಟ್ಟಿದಾಗಿನಿಂದ ನೋಡಿದ ಇಳಿಜಾರು. ಆದರೆ ಚಕ್ರವನ್ನು ಕದಲಿಸುವುದು ಹೇಗೆಂದು ಮಾತ್ರ ಕಲಿತ ಊರು ನಮ್ಮದು. ಕದಲಿದ ಚಕ್ರವನ್ನು ನಿಲ್ಲಿಸುವ ಪ್ರಸಂಗ ನಮಗೆ ಬಂದೇ ಇರಲಿಲ್ಲ. ನಿಲ್ಲಿಸುವ ಕೆಲಸವನ್ನು ನೆಲವೇ ಮಾಡುತ್ತಿತ್ತಲ್ಲ.

ಕೆಂಪು ಬಟ್ಟೆ ಮತ್ತೆ ಏರಿತು. ಕುಂಬಾರ ಬೀದಿಯವರು ಬೆನ್ನು ಹಚ್ಚಿದರು. ಲಾರಿ ಹೂವಿನಂತೆ ಕದಲಿತು. "ನೋಡ್ರೋ ನಮ್ಮ ಬೀದಿ ಕಸುವು" ಎಂದು ಒಬ್ಬ ಪಿಸುಗುಟ್ಟಿದ. ಬೆನ್ನು ತೆಗೆದರು. ಲಾರಿ ಇನ್ನೂ ಹೋಗುತ್ತಿತ್ತು. "ಸಾಕು ಬಿಡ್ರೋ, ಎಷ್ಟು ತಳ್ಳತೀರಿ" ಎಂದ ಇನ್ನೊಬ್ಬ. "ನಾನು ಬಿಟ್ಟೀನಿ." "ನಾನೂ ಬಿಟ್ಟೀನಿ." "ಮತ್ಯಾರ್ಲಾ ತಳ್ತಿರಾದು?"

ಯಾರೂ ತಳ್ಳುತ್ತಿರಲಿಲ್ಲ.

ಲಾರಿ ಜೋರಾಗೇನೂ ಹೋಗುತ್ತಿರಲಿಲ್ಲ. ಎಮ್ಮೆ ಮನೆಗೆ ಹೋಗುವ ನಡೆ. ಅದೇ ಹೆಚ್ಚು ಹೆದರಿಕೆಯಾಗಿತ್ತು. ಬೆಳಗಿನಿಂದ ಪಿಸುಗುಟ್ಟಿ ಪಿಸುಗುಟ್ಟಿ ಊರಿನ ಗಂಟಲು ಅದಕ್ಕೇ ಒಗ್ಗಿಹೋಗಿತ್ತೋ ಏನೋ, ಆ ಹೊತ್ತಿನಲ್ಲೂ ಯಾರೊಬ್ಬರೂ ಕೂಗಲಿಲ್ಲ. ಚೆನ್ನವೀರಣ್ಣ ತಗಡಿನಿಂದ ಧುಮುಕಿ ಓಡಿಬರುತ್ತಾ ಏದುಸಿರಿನಲ್ಲಿ, "ಕಲ್ಲು! ಗಾಲಿಗೆ ಕಲ್ಲು ಕೊಡ್ರೋ!" ಎಂದರು. ಅವರು ಹೊರಗಿನಿಂದ ಬಂದವರು, ಒಂದು ಕಾಲದಲ್ಲಿ ಡ್ರೈವರಾಗಿದ್ದವರು. ಗಾಲಿಗೂ ಕಲ್ಲಿಗೂ ಏನು ಸಂಬಂಧವೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಒಬ್ಬ ಒಂದು ಸಣ್ಣ ಕಲ್ಲನ್ನು ಎತ್ತಿ ಮರ್ಯಾದೆಯಿಂದ ಅವರ ಕೈಗೇ ಕೊಟ್ಟ. ಇನ್ನೊಬ್ಬ, "ಯಾರಿಗೆ ಹೊಡೀಬೇಕಣ್ಣ?" ಎಂದು ಕೇಳಿದ.

ಆಗ ಕರಿಬಸಕ್ಕ ಓಡಿದಳು. ಸೆರಗು ಸಿಕ್ಕಿಸಿ, ಮೆಟ್ಟಿಲಿಗೆ ಕಾಲಿಟ್ಟು, ದಿನವೂ ಏರುವ ಹಾಗೇ ಏರಿ ಕಿಟಕಿಗೆ ಮುಖ ಕೊಟ್ಟಳು. ಬಾಗಿಲು ಬಡಿಯಲು ಕೈ ಎತ್ತಿದ್ದನ್ನು ನಾನು ನೋಡಿದೆ. ಅದೇ ಹೊತ್ತಿಗೆ ಓಬಳೇಶಪ್ಪ ಲಾರಿಯ ಮುಂದಕ್ಕೆ ಓಡಿದರು. ಊರಿನ ರೀತಿನೀತಿಯಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡದ ಆ ಮನುಷ್ಯ ಪಂಚೆ ಎತ್ತಿಕಟ್ಟಿ, ಲಾರಿಯ ಮೂತಿಗೆ ಎದೆ ಹಚ್ಚಿ, ಹಿಂದಕ್ಕೆ ತಳ್ಳಿದರು. ನಮ್ಮೂರಿನಲ್ಲಿ ಬದುಕಿರುವವರ ಚಕ್ರವನ್ನು ಹಿಂದಕ್ಕೆ ತಳ್ಳಿದ ಮೊದಲಿಗರು ಅವರು. ವಲ್ಲಿ ಜಾರಿ ಗಾಲಿಯ ಕೆಳಗೆ ಹೋಯಿತು. ಅವರನ್ನು ಕಂಡು ಕುಂಬಾರರು, ಗಾಣಿಗರು, ಮದುವೆಗೆ ಹೊರಟವರು, ಬೈದಾಡಿಕೊಂಡಿದ್ದ ಆ ಇಬ್ಬರು ಹೆಂಗಸರು, ಎಲ್ಲರೂ ಮುಂದೆ ಸುತ್ತುವರಿದು ಭುಜ ಕೊಟ್ಟರು. ಉಳಿದವರು ಕುರಿ ಕಟ್ಟುವ ಹಗ್ಗಗಳನ್ನು ಹಿಂದಿನ ಕೊಕ್ಕೆಗೆ ಹಾಕಿ ಎಳೆದರು. ನಾನು ಅಲ್ಲಿದ್ದೆ. ಹಗ್ಗ ಅಂಗೈ ಸುಟ್ಟಿತು. ಮುಂದಿನವರ ಕಾಲುಗಳು ಕೆರೆಯ ಕೆಸರಿಗೆ ಇಳಿದ ಸದ್ದು ಕೇಳಿಸಿತು. ಆಮೇಲೆ ಲಾರಿ ನಿಂತಿತು.

ಓಬಳೇಶಪ್ಪ ಮೊಣಕಾಲುಮಟ್ಟ ನೀರಿನಲ್ಲಿ ನಿಂತು, ಎದೆಯನ್ನು ಲಾರಿಯಿಂದ ತೆಗೆಯದೆ, ಕತ್ತು ಮಾತ್ರ ಎತ್ತಿ ಕರಿಬಸಕ್ಕನನ್ನು ಕೇಳಿದರು. "ಎದ್ದುಬಿಟ್ಲಾ?"

ಅಕ್ಕ ಕಿಟಕಿಯೊಳಗೆ ಇನ್ನೊಮ್ಮೆ ನೋಡಿದಳು. ಎತ್ತಿದ ಕೈಯನ್ನು ಇಳಿಸಿದಳು. ಆಮೇಲೆ ಬೆರಳನ್ನು ತುಟಿಯ ಮೇಲಿಟ್ಟು, "ಶ್, ಮಗು ಮಲಗೈತೆ" ಎಂದಳು.

ಆ ಮಾತು ಬಾಯಿಂದ ಬಾಯಿಗೆ ಹಿಂದಿನವರೆಗೂ ಬಂತು. ಮಲಗೈತೆ, ಮಲಗೈತೆ. ಹಗ್ಗ ಹಿಡಿದಿದ್ದವರು ಅಳುತ್ತಾ ನಕ್ಕರು. ಚೆನ್ನವೀರಣ್ಣ ಒಂದು ದೊಡ್ಡ ಕಲ್ಲನ್ನು ಹೊತ್ತು ತಂದು ಗಾಲಿಯ ಮುಂದೆ ಇಟ್ಟರು. ನಾವೆಲ್ಲ ಬಗ್ಗಿ, ಅದೊಂದು ಹೊಸ ದೇವರೋ ಎನ್ನುವ ಹಾಗೆ ನೋಡಿದೆವು. ಓಬಳೇಶಪ್ಪ ಒದ್ದೆ ಪಂಚೆಯಲ್ಲಿ ದಡಕ್ಕೆ ಬಂದು, ಹೆಗಲು ಮುಟ್ಟಿ ನೋಡಿಕೊಂಡು, ವಲ್ಲಿ ಇಲ್ಲದ್ದು ಕಂಡು ಕೈ ಇಳಿಸಿದರು. "ಮೈದಾನ ಕೊಟ್ಟಂಗೆ" ಎಂದರು. ಅದನ್ನೂ ಪಿಸುಮಾತಿನಲ್ಲೇ ಹೇಳಿದರು.

ಹೊನ್ನೂರಿ ಎದ್ದದ್ದು ಹೊತ್ತು ಮುಳುಗುವಾಗ. ಬಾಗಿಲು ತೆಗೆದು ಕೆಳಗೆ ಇಳಿದರೆ ಕಾಲಡಿಯಲ್ಲಿ ಕೆರೆ, ಎದುರಿಗೆ ಮೊಣಕಾಲಿನವರೆಗೆ ಕೆಸರಾದ ಊರು. "ಯಾಕ್ರೋ ಎಲ್ಲಾ ಹಿಂಗೆ ನಿಂತೀರಿ?" ಎಂದಳು.

"ಏನಿಲ್ಲವ್ವ, ಈ ಸಲ ಕೆರೆ ಎಷ್ಟು ತುಂಬೈತೆ ಅಂತ ನೋಡ್ತಿದ್ವಿ" ಎಂದರು ಓಬಳೇಶಪ್ಪ.

ಅಕ್ಕ ಬುತ್ತಿ ಬಿಚ್ಚಿ ಕೊಟ್ಟಳು. ಹೊನ್ನೂರಿ ಮೆಟ್ಟಿಲಿನ ಮೇಲೆ ಕುಳಿತು ಒಂದು ತುತ್ತು ಬಾಯಿಗಿಟ್ಟು, ತಲೆಯೆತ್ತಿ, ತಾಯಿಯ ಮುಖವನ್ನು ನೆಟ್ಟಗೆ ನೋಡಿ, "ಅವ್ವಾ, ಉಪ್ಪು ಕಮ್ಮಿ ಆಗೈತೆ ಕಣೇ" ಎಂದಳು. ತನ್ನ ಅಡುಗೆಯಲ್ಲಿ ಯಾರಾದರೂ ಕೊಂಕು ತೆಗೆದರೆ ಸೌಟು ಹಿಡಿದು ಬರುವವಳು ಕರಿಬಸಕ್ಕ. ಅವತ್ತು, "ಹೂಂ ಕಣವ್ವ, ಕಮ್ಮಿ ಆಗೈತೆ. ಕಮ್ಮಿನೇ ಆಗೈತೆ" ಎನ್ನುತ್ತಾ ಮಗಳ ತಲೆ ಸವರಿದಳು.

ಅಂದಿನಿಂದ ನಾವು ಹಿಂದಕ್ಕೂ ತಳ್ಳುತ್ತೇವೆ. ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ. ನಮ್ಮಲ್ಲಿ ಮಲಗಿದಷ್ಟು ಒಳ್ಳೆಯ ನಿದ್ದೆ ಬಂದರಿನ ರಸ್ತೆಯಲ್ಲಿ ಇನ್ನೆಲ್ಲೂ ಇಲ್ಲವೆಂದು ಡ್ರೈವರುಗಳು ಹೇಳುತ್ತಾರೆ. ತೊಟ್ಟಿಲು ಬಿಟ್ಟ ಮೇಲೆ ತನ್ನನ್ನು ತೂಗಿದ ಮೊದಲ ಊರು ಇದೇ ಎಂದು ಖಾದರ್ ಸಾಬ್ ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರಂತೆ. ಮೂರನೆಯ ತಿರುವಿನಲ್ಲಿ ಹುಲ್ಲು ಬೆಳೆದಿದೆ. ಹುಲ್ಲು ಬೆಳೆಯುವಷ್ಟು ಕಾಲ ಅಲ್ಲಿ ಯಾವ ಲಾರಿಯೂ ಬಿದ್ದಿಲ್ಲವೆಂದು ಅರ್ಥ. ಆದರೆ ಮೈದಾನ ಸಾಲುತ್ತಿಲ್ಲ. ಬೆಳಗಾದರೆ ಸೇತುವೆಯಾಚೆಗೂ ಸಾಲು. ತಳ್ಳುವ ಕೈಗಳು ಇವೆ, ನಿಲ್ಲುವ ಜಾಗವಿಲ್ಲ. ಗಾಣಿಗರ ಬೀದಿಯ ಹಿಂದಿನ ಬಯಲನ್ನೂ ಕೇಳಿದ್ದೇವೆ. ಹಿಂದಿನ ಊರಿನವರ ಹತ್ತಿರ ಹೋಗಿ ಕೇಳಿ ಬಾ ಎಂದು ನನ್ನನ್ನೇ ಕಳಿಸಿದ್ದರು. ಹೋದೆ. ಅಲ್ಲಿ ನಿಂತ ಚಕ್ರ ಸುಮ್ಮನೆ ನಿಂತಿರುತ್ತದೆ, ಬೇರಿಲ್ಲ, ಬಿಳಲಿಲ್ಲ, ಬಯಲೂ ಬೇಕಾದಷ್ಟಿದೆ. "ಲಾರಿಗಳಿಗೆ ಜಾಗ ಬಿಟ್ರೆ ನಮಗೇನು ಬಂತು?" ಎಂದು ಅಲ್ಲಿನ ಹಿರಿಯರೊಬ್ಬರು ಕೇಳಿದರು. ಉತ್ತರ ನನಗೆ ಎಂದಿನಂತೆ ಬಸ್ಸು ಹತ್ತಿದ ಮೇಲೆ ಹೊಳೆಯಿತು. ನೆಲವೇ ಬೇಡವೆಂದರೂ ಜಾಗ ಕೊಟ್ಟ ಊರು ನಮ್ಮದು. ನಿಮ್ಮ ನೆಲ ಬೇಡ ಎಂದಿಲ್ಲವಲ್ಲ. ಇದನ್ನು ಹೇಳಿಬರಲು ಇನ್ನೊಮ್ಮೆ ಹೋಗಬೇಕು.

ಗೂಟದ ಜೊತೆಗೆ ಈಗ ನಾನು ಗಾಲಿಗೆ ಕೊಡುವ ಮರದ ಅಡ್ಡೆಗಳನ್ನೂ ಮಾಡುತ್ತೇನೆ. ಮೊದಲು ಮಾಡಿದ್ದನ್ನು ಹೊನ್ನೂರಿಗೆ ಕೊಟ್ಟೆ. ಅದನ್ನು ಸೀಟಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಕೊಟ್ಟ ದಿನ ಅವಳು ಅದನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ, "ಲೋ ಮೇಷ್ಟ್ರೇ, ಅವತ್ತು ನೀನು ಲಾರಿ ಹಿಂದುಗಡೆ ಇದ್ಯಂತಲ್ಲ?" ಎಂದು ಕೇಳಿದಳು.

"ಇದ್ದೆ."

"ಏನು ಕಾಣಿಸ್ತು?"

"ಬಿಸಿಲಿತ್ತು" ಎಂದೆ.

ಅವಳು ಸ್ವಲ್ಪ ಹೊತ್ತು ನನ್ನನ್ನು ನೋಡಿ, ನಕ್ಕು, ಲಾರಿ ಹತ್ತಿದಳು.

ಈಗ ಸರಿಯಾಗಿ ಹೇಳಬೇಕಲ್ಲ, ಅದಕ್ಕೇ ಶುರು ಮಾಡಿದ್ದು. ಲಾರಿ ನಿಂತ ಆ ಕ್ಷಣದಲ್ಲಿ, ನನ್ನ ಮುಖದ ಎದುರಿಗೇ ಇದ್ದ ಅದರ ಹಿಂದಿನ ದೀಪ ಕೆಂಪಗಾಯಿತು. ಒಳಗೆ ಯಾರಾದರೂ ಬ್ರೇಕು ತುಳಿದರೆ ಹೊತ್ತಿಕೊಳ್ಳುವ ದೀಪ ಅದು. ಹೊತ್ತು ಇಳಿದಿತ್ತು, ಬಿಸಿಲು ಓರೆಯಾಗಿ ಆ ಗಾಜಿನ ಮೇಲೇ ಬೀಳುತ್ತಿತ್ತು, ಅದೂ ನಿಜ. ಒಳಗೆ ನೋಡಿದವಳು ಕರಿಬಸಕ್ಕ ಒಬ್ಬಳೇ. ಮಗು ಮಲಗೈತೆ ಎಂದು ಅವಳು ಹೇಳಿದ್ದಾಳೆ. ಊರು ತನ್ನ ಭುಜಗಳಿಂದ ಲಾರಿ ನಿಲ್ಲಿಸಿತು ಎನ್ನುವುದನ್ನು ನಾನು ಎಲ್ಲರಷ್ಟೇ ಎದೆಯುಬ್ಬಿಸಿ ಹೇಳುತ್ತೇನೆ, ಹಗ್ಗದ ಬರೆ ಇನ್ನೂ ನನ್ನ ಅಂಗೈಯಲ್ಲಿದೆ. ಆದರೆ ಹೊನ್ನೂರಿ ಅವತ್ತು ನಿಜವಾಗಿಯೂ ಮಲಗಿದ್ದಳೋ, ಅಥವಾ ಬ್ರೇಕು ತುಳಿದು, ಹೊರಗೆ ನಮ್ಮನ್ನೆಲ್ಲ ಕಂಡು, ಮತ್ತೆ ಕಣ್ಣು ಮುಚ್ಚಿಕೊಂಡಳೋ, ನನಗೆ ಗೊತ್ತಿಲ್ಲ.